ಹಲ್ಲು ಕಪ್ಪಾಯಿತು, ಹುಳುಕು ನಿಂತಿತು

ನಾಲ್ಕು ವರ್ಷದ ಮಗಳ ಹಾಲುಹಲ್ಲಿನಲ್ಲಿ ಹುಳುಕು ಕಾಣಿಸಿದೆ. ಹಲ್ಲು ಕೊರೆಯುವ ಯಂತ್ರದ ಸದ್ದು ಕೇಳಿದರೇ ಮಗು ಚೀರುತ್ತದೆ. ಕೊರೆಯದೆ, ಸೂಜಿ ಚುಚ್ಚದೆ ಹುಳುಕನ್ನು ತಡೆಯುವ ಔಷಧಿಯೊಂದಿದೆ ಎಂದು ವೈದ್ಯರು ಹೇಳಿದಾಗ ತಾಯಿಗೆ ಸಮಾಧಾನ. ಆದರೆ ಹಚ್ಚಿದ ಜಾಗ ಕಪ್ಪಾಗುತ್ತದೆ ಎಂದ ಕೂಡಲೇ ಮನೆಯಲ್ಲಿ ಚರ್ಚೆ ಶುರು. "ಹೆಣ್ಣು ಮಗುವಿನ ಹಲ್ಲು ಕಪ್ಪು ಮಾಡಿಸುವುದೇ?" ಎಂದು ದಾದಿ ಕೇಳುತ್ತಾರೆ.

ಚಳ್ಳಕೆರೆ, ಮೊಳಕಾಲ್ಮೂರು ಕಡೆಯವರಿಗೆ ಈ ಭಯ ಇನ್ನೂ ಹೆಚ್ಚು. ಇಲ್ಲಿನ ಅನೇಕ ಕೊಳವೆ ಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಂಶ ಅಧಿಕ. ಆ ನೀರು ಕುಡಿದು ಬೆಳೆದು ಹಲ್ಲು ಕಂದು ಬಣ್ಣಕ್ಕೆ ತಿರುಗಿದವರು, ಬಾಯಿಗೆ ಕೈ ಅಡ್ಡ ಹಿಡಿದು ನಗುವವರು ಊರೂರಿನಲ್ಲೂ ಇದ್ದಾರೆ. ಔಷಧಿಯ ಹೆಸರಿನಲ್ಲೂ ಫ್ಲೋರೈಡ್ ಇದೆ: ಸಿಲ್ವರ್ ಡಯಾಮಿನ್ ಫ್ಲೋರೈಡ್. ನೀರಿನಲ್ಲಿರುವುದು ಸಾಲದೇ ಎಂದು ಹೆತ್ತವರು ಕೇಳುವುದು ಸಹಜವೇ.

ಆದರೆ ಎರಡೂ ಒಂದೇ ಅಲ್ಲ. ವಸಡಿನೊಳಗೆ ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ ವರ್ಷಗಟ್ಟಲೆ ಫ್ಲೋರೈಡ್ ನೀರು ಕುಡಿದರೆ ಹಲ್ಲಿನ ಕವಚವೇ ಕೆಡುತ್ತದೆ. ಈ ಔಷಧಿಯಾದರೋ ವರ್ಷಕ್ಕೆ ಒಂದೆರಡು ಬಾರಿ, ಹುಳುಕಿನ ಮೇಲಷ್ಟೇ ಹಚ್ಚುವ ಹನಿ. ಅದರಲ್ಲಿನ ಬೆಳ್ಳಿ ರೋಗಾಣುಗಳನ್ನು ಕೊಲ್ಲುತ್ತದೆ. ಫ್ಲೋರೈಡ್ ಮೆತ್ತಗಾದ ಹಲ್ಲನ್ನು ಗಟ್ಟಿ ಮಾಡುತ್ತದೆ. ಕಪ್ಪಾಗುವುದು ಹುಳುಕಾದ ಭಾಗ ಮಾತ್ರ, ಆರೋಗ್ಯವಂತ ಹಲ್ಲಲ್ಲ. ತುಟಿಗೆ, ಚರ್ಮಕ್ಕೆ ತಾಗಿದರೆ ಆಗುವ ಕಲೆ ಕೆಲವು ದಿನಗಳಲ್ಲಿ ಮಾಯವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇದನ್ನು ಅತ್ಯಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದೆ.

ಬಣ್ಣದ ಚಿಂತೆ ನಮ್ಮಲ್ಲಿ ಮಾತ್ರವಲ್ಲ. ನ್ಯೂಯಾರ್ಕ್ ಪ್ರದೇಶದ 120 ಹೆತ್ತವರನ್ನು ಕೇಳಿದ, 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದವಡೆ ಹಲ್ಲಿನ ಕಪ್ಪನ್ನು ಶೇಕಡಾ 67ಕ್ಕೂ ಹೆಚ್ಚು ಮಂದಿ ಒಪ್ಪಿದರು. ಮುಂದಿನ ಹಲ್ಲಾದರೆ ಒಪ್ಪಿದವರು ಸುಮಾರು ಶೇಕಡಾ 30 ಮಾತ್ರ. ಇನ್ನು ನಮ್ಮ ಹಳೆಯ ತಲೆಮಾರಿನ ನಾನಿಯರು ಮಿಸ್ಸಿ ಹಚ್ಚಿ ಹಲ್ಲಿನ ಸಂದುಗಳನ್ನು ಕಪ್ಪಾಗಿಸಿಕೊಂಡು ಅದನ್ನೇ ಶೃಂಗಾರವೆಂದುಕೊಂಡಿದ್ದರು! ಅಂದಿನ ಚೆಂದ ಇಂದಿನ ನಾಚಿಕೆಯಾಗಿದೆ, ಅಷ್ಟೆ.

ಹಾಗೆಂದು ಇದು ಎಲ್ಲ ಹಲ್ಲಿಗೂ ಮದ್ದಲ್ಲ. ರಾತ್ರಿ ನಿದ್ದೆಗೆಡಿಸುವ ನೋವಿದ್ದರೆ, ವಸಡಿನಲ್ಲಿ ಕೀವು ತುಂಬಿದ್ದರೆ ಬೇರೆ ಚಿಕಿತ್ಸೆಯೇ ಬೇಕು. ಬೆಳ್ಳಿಯ ಅಲರ್ಜಿ ಇರುವವರಿಗೆ ಹಚ್ಚಬಾರದು. ಹಚ್ಚಿದ ಕುಳಿ ತಾನಾಗಿ ತುಂಬಿಕೊಳ್ಳುವುದೂ ಇಲ್ಲ. ಸಿಹಿತಿಂಡಿ ಕಡಿಮೆ ಮಾಡದೆ, ಹಲ್ಲುಜ್ಜದೆ ಬಿಟ್ಟರೆ ಹುಳುಕು ಮರಳಿ ಬರಬಹುದು.

ಆದ್ದರಿಂದ ಬೇಡವೆನ್ನುವ ಮೊದಲು ವೈದ್ಯರನ್ನು ಕೇಳಿ: ಈ ಹಲ್ಲು ಬೀಳಲು ಇನ್ನೆಷ್ಟು ವರ್ಷವಿದೆ? ಕಪ್ಪಿನ ಮೇಲೆ ಬಿಳಿ ಫಿಲ್ಲಿಂಗ್ ಹಾಕಬಹುದೇ? ಮುಂದಿನ ಹಾಲುಹಲ್ಲು ಆರರಿಂದ ಎಂಟು ವರ್ಷದೊಳಗೆ ಬಿದ್ದುಹೋಗುತ್ತದೆ, ಅದರ ಕಪ್ಪೂ ಅದರ ಜೊತೆಗೇ ಹೋಗುತ್ತದೆ. ಆದರೆ ಬಣ್ಣಕ್ಕೆ ಹೆದರಿ ಹುಳುಕನ್ನು ಹಾಗೇ ಬಿಟ್ಟರೆ ಆ ನೋವನ್ನು ಉಣ್ಣಬೇಕಾದದ್ದು ಮಗು, ನೋಡುವ ನೆಂಟರಲ್ಲ.