ಗುಣಾಕಾರ ಗೊತ್ತಿಲ್ಲದೆ ಸಮೀಕರಣ ಬಿಡಿಸಿದ ಯಂತ್ರ

ಒಂಬತ್ತು ಮಾದಳ ಹಣ್ಣಿಗೂ ಏಳು ಬೇಲದ ಹಣ್ಣಿಗೂ ಸೇರಿ ಬೆಲೆ 107. ಏಳು ಮಾದಳಕ್ಕೂ ಒಂಬತ್ತು ಬೇಲಕ್ಕೂ ಸೇರಿ 101. ಹಾಗಾದರೆ ಒಂದೊಂದು ಹಣ್ಣಿನ ಬೆಲೆ ಎಷ್ಟು? ರಾಷ್ಟ್ರಕೂಟ ದೊರೆ ಅಮೋಘವರ್ಷನ ಕಾಲದಲ್ಲಿ, 9ನೇ ಶತಮಾನದಲ್ಲಿ, ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ ಕೇಳಿದ ಲೆಕ್ಕವಿದು. ನಮ್ಮ ಹತ್ತನೇ ತರಗತಿಯ ಮಕ್ಕಳಿಗೆ ಇದು ‘ವರ್ಜಿಸುವ ವಿಧಾನ’. ಮೊದಲ ಸಾಲನ್ನು 7ರಿಂದ, ಎರಡನೆಯದನ್ನು 9ರಿಂದ ಗುಣಿಸಿ ಒಂದರಿಂದ ಇನ್ನೊಂದನ್ನು ಕಳೆದರೆ ಮಾದಳ ಹೊರಟುಹೋಗುತ್ತದೆ. 32 ಬೇಲಕ್ಕೆ 160 ಎಂದು ಉಳಿಯುತ್ತದೆ. ಬೇಲಕ್ಕೆ 5, ಮಾದಳಕ್ಕೆ 8.

ಎರಡು ಸಮೀಕರಣವಾದರೆ ಸರಿ, ಇಪ್ಪತ್ತೊಂಬತ್ತು ಇದ್ದರೆ? ಭೌತವಿಜ್ಞಾನದಲ್ಲಿ ಅಂಥವು ಸಾಮಾನ್ಯ. ಅಮೆರಿಕದ ಜಾನ್ ವಿನ್ಸೆಂಟ್ ಅಟನಾಸೋಫ್ ಹೀಲಿಯಂ ಕುರಿತ ತಮ್ಮ ಪಿಎಚ್.ಡಿ. ಪ್ರಬಂಧಕ್ಕಾಗಿ ಕೈಯಂತ್ರದ ಮುಂದೆ ವಾರಗಟ್ಟಲೆ ಕುಳಿತು ಲೆಕ್ಕ ಮಾಡಿ ಬೇಸತ್ತಿದ್ದರು. ಮುಂದೆ ಅಯೋವಾ ಸ್ಟೇಟ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾದಾಗ, ವಿದ್ಯಾರ್ಥಿ ಕ್ಲಿಫರ್ಡ್ ಬೆರಿಯ ಜತೆಗೂಡಿ 1939ರಿಂದ 1942ರವರೆಗೆ ಈ ಒಂದೇ ಕೆಲಸಕ್ಕೆಂದು ವಿದ್ಯುನ್ಮಾನ ಯಂತ್ರವೊಂದನ್ನು ಕಟ್ಟಿದರು. ದೊಡ್ಡ ಮೇಜಿನಷ್ಟು ಗಾತ್ರ, ಒಳಗೆ ಸುಮಾರು 300 ನಿರ್ವಾತ ಕೊಳವೆಗಳು.

ನನ್ನ ಮಟ್ಟಿಗೆ ಇದರ ನಿಜವಾದ ಜಾಣತನ ಕೊಳವೆಗಳಲ್ಲಿಲ್ಲ. ಇಪ್ಪತ್ತೊಂಬತ್ತು ಸಮೀಕರಣಗಳನ್ನು ಕೊಟ್ಟರೂ ಯಂತ್ರ ಒಮ್ಮೆಗೆ ನೋಡುತ್ತಿದ್ದುದು ಎರಡನ್ನು ಮಾತ್ರ. ಒಂದು ಜೋಡಿಯಿಂದ ಒಂದು ಚರಾಕ್ಷರ ತೆಗೆ, ಮುಂದಿನ ಜೋಡಿಗೆ ಹೋಗು. ಇಪ್ಪತ್ತೊಂಬತ್ತು ಇಪ್ಪತ್ತೆಂಟಾಗಿ, ಇಪ್ಪತ್ತೇಳಾಗಿ ಕೊನೆಗೆ ಒಂದೇ ಉಳಿಯುವಷ್ಟರಲ್ಲಿ 406 ಜೋಡಿಗಳನ್ನು ಬಿಡಿಸಿರಬೇಕು.

ಇನ್ನೊಂದು ಸೊಗಸು, ಯಂತ್ರಕ್ಕೆ ಗುಣಾಕಾರ, ಭಾಗಾಕಾರ ಎರಡೂ ಬರುತ್ತಿರಲಿಲ್ಲ. ಹಣ್ಣಿನ ಲೆಕ್ಕವನ್ನೇ ಕೊಟ್ಟಿದ್ದರೆ ಅದು ಹೀಗೆ ಸಾಗುತ್ತಿತ್ತು: ಮಾದಳದ 9ರಿಂದ 7 ಕಳೆ, 2. ಮತ್ತೆ 7 ಕಳೆ, −5. ಚಿಹ್ನೆ ಬದಲಾಯಿತು, ನಿಲ್ಲು. ಈಗ 7ನ್ನು ಅರ್ಧ ಮಾಡಿ ಕೂಡಿಸು: −1.5, ಮತ್ತೆ ಕೂಡಿಸಿದರೆ 2. ಚಿಹ್ನೆ ತಿರುಗಿತು, ಇನ್ನೂ ಅರ್ಧ ಮಾಡಿ ಕಳೆ. ಹೀಗೆ ಮಾದಳದ ಸಹಗುಣಕ ಸವೆದು ಸೊನ್ನೆಯಾಗುವವರೆಗೆ. ಬೇಲದ ಸಂಖ್ಯೆಗೂ ಒಟ್ಟು ಬೆಲೆಗೂ ಅದೇ ಹೊತ್ತಿಗೆ ಅದೇ ಕ್ರಿಯೆ ನಡೆಯುವುದರಿಂದ ಸಮೀಕರಣ ಕೆಡುವುದಿಲ್ಲ. ಸಂಖ್ಯೆಗಳೆಲ್ಲ 0 ಮತ್ತು 1ರ ದ್ವಿಮಾನದಲ್ಲಿದ್ದುದರಿಂದ ಅರ್ಧ ಮಾಡುವುದೆಂದರೆ ಅಂಕಿಗಳನ್ನು ಒಂದು ಮನೆ ಬಲಕ್ಕೆ ಸರಿಸುವುದು, ಅಷ್ಟೆ.

ಜೋಡಿಯ ಎರಡು ಸಮೀಕರಣಗಳಿಗೆ ಎರಡು ಉರುಳೆಗಳು. ಒಂದೊಂದರಲ್ಲಿ 50 ದ್ವಿಮಾನ ಅಂಕಿಗಳ 30 ಸಂಖ್ಯೆಗಳು: 29 ಸಹಗುಣಕ, ಒಂದು ಸ್ಥಿರಾಂಕ. ಒಂದೊಂದು ಅಂಕಿಗೂ ಒಂದು ಕೆಪಾಸಿಟರ್, ಅದರ ವಿದ್ಯುದಂಶವೇ ನೆನಪು. ಆದರೆ ಕೆಪಾಸಿಟರಿನ ವಿದ್ಯುದಂಶ ಸೋರುತ್ತದೆ. ಉರುಳೆ ಸೆಕೆಂಡಿಗೊಮ್ಮೆ ಸುತ್ತುವಾಗ ಪ್ರತಿ ಅಂಕಿಯನ್ನೂ ಓದಿ, ಅದನ್ನೇ ಮತ್ತೆ ತುಂಬುವ ಏರ್ಪಾಡಿತ್ತು. ನಮ್ಮ ಮೊಬೈಲಿನ ರ್‍ಯಾಮ್ ಇಂದಿಗೂ ಹೀಗೆಯೇ, ಸೆಕೆಂಡಿಗೆ ಹತ್ತಾರು ಸಲ ತನ್ನನ್ನು ತಾನು ತುಂಬಿಕೊಳ್ಳುತ್ತದೆ.

ತೊಂದರೆ ಬಂದದ್ದು ಕಾಗದದಿಂದ. ಬಿಡಿಸಿದ ಜೋಡಿಯ ಉತ್ತರವನ್ನು ಮುಂದಿನ ಸುತ್ತಿಗೆ ಇಟ್ಟುಕೊಳ್ಳಬೇಕಲ್ಲ? ವಿದ್ಯುತ್ ಕಿಡಿ ಹಾರಿಸಿ ಕಾರ್ಡಿನಲ್ಲಿ ಚುಕ್ಕೆಗಳನ್ನು ಸುಡುತ್ತಿದ್ದರು. ಒಂದು ಸಮೀಕರಣಕ್ಕೆ 1,500 ಜಾಗ. ಆಗೊಮ್ಮೆ ಈಗೊಮ್ಮೆ ಒಂದು ಜಾಗ ತಪ್ಪಿದರೂ ಮುಂದಿನ ಲೆಕ್ಕವೆಲ್ಲ ಹಾಳು. ಚಿಕ್ಕ ಲೆಕ್ಕಗಳಿಗೆ ಯಂತ್ರ ಸರಿಯಿತ್ತು, ದೊಡ್ಡವಕ್ಕೆ ನಂಬುವಂತಿರಲಿಲ್ಲ. ಇದನ್ನು ಸರಿಪಡಿಸುವ ಮೊದಲೇ ಯುದ್ಧ ಬಂತು. 1942ರಲ್ಲಿ ಅಟನಾಸೋಫ್ ನೌಕಾಪಡೆಯ ಸಂಶೋಧನೆಗೆ ಹೋದರು. ಬೇರೆ ಕಡೆಯ ಕೆಲಸಕ್ಕೆ ಬೆರಿಯೂ ಹೊರಟರು. ಆಮೇಲೆ ಕಾಲೇಜು ಯಂತ್ರವನ್ನು ಬಿಚ್ಚಿಹಾಕಿತು.

ಜಗತ್ತು ಎನಿಯಾಕ್ ಯಂತ್ರವನ್ನೇ ಮೊದಲ ವಿದ್ಯುನ್ಮಾನ ಕಂಪ್ಯೂಟರ್ ಎಂದು ನಂಬಿತ್ತು. 1973ರ ಅಕ್ಟೋಬರ್ 19ರಂದು ಅಮೆರಿಕದ ನ್ಯಾಯಾಧೀಶ ಅರ್ಲ್ ಲಾರ್ಸನ್ ಎನಿಯಾಕ್‌ನ ಪೇಟೆಂಟನ್ನು ರದ್ದುಮಾಡಿ, ಅದರ ಮೂಲ ಕಲ್ಪನೆ ಅಟನಾಸೋಫ್ ಅವರಿಂದ ಬಂದದ್ದೆಂದು ಬರೆದರು. 1997ರಲ್ಲಿ ಅಯೋವಾದ ತಂತ್ರಜ್ಞರು ಹಳೆಯ ದಾಖಲೆಗಳನ್ನು ಹಿಡಿದು ಯಂತ್ರವನ್ನು ಮತ್ತೆ ಕಟ್ಟಿದರು, ಅದು ಕೆಲಸವನ್ನೂ ಮಾಡಿತು.