ಬೋರ್ ಮಾಡಿಸಿದ ಟ್ರ್ಯಾಕ್ಟರ್ ಇಂಜಿನ್ನಿನಲ್ಲಿ ಆಯಿಲ್ ಸೋರಿದರೆ

ಮುಂಗಾರಿಗೆ ಮೊದಲು, ಏಪ್ರಿಲ್-ಮೇ ತಿಂಗಳುಗಳಲ್ಲಿ, ಹಳೆಯ ಟ್ರ್ಯಾಕ್ಟರುಗಳ ಇಂಜಿನ್ ಬಿಚ್ಚಿಸಿ ಹೊಸ ಲೈನರ್, ಪಿಸ್ಟನ್ ಮತ್ತು ರಿಂಗುಗಳನ್ನು ಹಾಕಿಸುವುದು ರೂಢಿ. ಕೈತುಂಬ ಖರ್ಚು ಮಾಡಿ ಮನೆಗೆ ತಂದ ಎರಡನೆಯ ದಿನವೇ ನಿಲ್ಲಿಸಿದ ಜಾಗದಲ್ಲಿ ಆಯಿಲ್ ಮಡುಗಟ್ಟಿರುತ್ತದೆ, ಬ್ರೀದರ್ ಕೊಳವೆಯಿಂದ ಹೊಗೆ ಆಡುತ್ತಿರುತ್ತದೆ. 'ಕೆಲಸ ಕೆಟ್ಟಿತು' ಎಂದು ರೈತರು ಗಾಬರಿಯಾಗುವುದು ಸಹಜ. ಆದರೆ ಇಂಜಿನ್ನನ್ನು ಮತ್ತೆ ಬಿಚ್ಚಿಸುವ ಮೊದಲು ನೋಡಬೇಕಾದ ಸಂಗತಿಗಳು ಹಲವಿವೆ.

ಬೇಸಾಯ ಶಾಸ್ತ್ರದವನಿಗೆ ಇಂಜಿನ್ನಿನ ಗೊಡವೆ ಏಕೆಂದು ಕೆಲವರು ಕೇಳಬಹುದು. ನನ್ನ ಹೆಸರಿನ ಪ್ರಯೋಗ ತಾಕುಗಳನ್ನು ಬಿತ್ತಬೇಕಾಗಿದ್ದ ಟ್ರ್ಯಾಕ್ಟರು ಒಮ್ಮೆ ಹೀಗೆಯೇ ನಿಂತಿತು. ರೋಹಿಣಿ ಮಳೆ ಚೆನ್ನಾಗಿ ಆಗಿತ್ತು. ಇಂಜಿನ್ನಿನ ಹಿಂದಿನ ಆಯಿಲ್ ಸೀಲು ಸೋರುತ್ತದೆಂದು ಗ್ಯಾರೇಜಿನವರು ಎರಡು ಸಲ ಟ್ರ್ಯಾಕ್ಟರನ್ನು ಇಬ್ಭಾಗ ಮಾಡಿ ಸೀಲು ಬದಲಿಸಿದರು. ಸೋರುವುದು ನಿಲ್ಲಲಿಲ್ಲ. ಕೊನೆಗೆ ನೋಡಿದರೆ, ಟ್ರ್ಯಾಕ್ಟರು ಶೆಡ್ಡಿನಲ್ಲಿ ನಿಂತಿದ್ದ ದಿನಗಳಲ್ಲಿ ಬ್ರೀದರ್ ಕೊಳವೆಯೊಳಗೆ ಕುಂಬಾರ ಹುಳು ಮಣ್ಣಿನ ಗೂಡು ಕಟ್ಟಿತ್ತು! ಒಂದು ತಂತಿಯಿಂದ ಹೋಗುವ ದೋಷಕ್ಕೆ ಬಿತ್ತನೆಯ ಹದವೇ ಹೋಯಿತು. ತಡವಾಗಿ ಬಿತ್ತಿದ ಹೆಸರು ಕೊಯ್ಲಿನ ಮಳೆಗೆ ಸಿಕ್ಕಿತು.

ಇದಕ್ಕೆ ಕಾರಣ ಹೀಗಿದೆ. ಡೀಸೆಲ್ ಇಂಜಿನ್ನಿನಲ್ಲಿ ಗಾಳಿಯನ್ನು ಸಾಮಾನ್ಯವಾಗಿ 16ರಿಂದ 18 ಪಟ್ಟು ಒತ್ತಲಾಗುತ್ತದೆ. ಇಂಧನ ಉರಿದಾಗ ಒತ್ತಡ ಇನ್ನೂ ಹೆಚ್ಚುತ್ತದೆ. ಈ ಅನಿಲದಲ್ಲಿ ಸ್ವಲ್ಪ ಭಾಗ ರಿಂಗುಗಳ ಪಕ್ಕದಿಂದ ನುಸುಳಿ, ಕೆಳಗೆ ಆಯಿಲ್ ಇರುವ ಕ್ರ್ಯಾಂಕ್ ಕೇಸಿಗೆ ಇಳಿಯುತ್ತದೆ. ಮೆಕ್ಯಾನಿಕರು ಇದನ್ನೇ 'ಬ್ಯಾಕ್ ಕಂಪ್ರೆಶನ್' ಎನ್ನುವುದು. ಇಳಿದ ಅನಿಲ ಹೊರಹೋಗಲು ಇರುವ ದಾರಿಯೇ ಬ್ರೀದರ್. ದಾರಿ ಕಟ್ಟಿದರೆ, ಅಥವಾ ಅನಿಲವೇ ಅತಿಯಾದರೆ, ಒಳಗಿನ ಒತ್ತಡವು ಆಯಿಲನ್ನು ಸೀಲು, ಟ್ಯಾಪೆಟ್ ಕವರಿನ ಪ್ಯಾಕಿಂಗು, ಗೇಜು ಕಡ್ಡಿಯ ತೂತು, ಹೀಗೆ ಸಡಿಲ ಸಿಕ್ಕಿದ ಕಡೆಯಿಂದ ಹೊರಕ್ಕೆ ನೂಕುತ್ತದೆ. ಸೋರುವುದು ಸೀಲಿನಲ್ಲಿ ಕಂಡರೂ ದೋಷ ಸೀಲಿನದೇ ಆಗಿರಬೇಕಿಲ್ಲ.

ಆದ್ದರಿಂದ ಮೊದಲು ಗೇಜು ಕಡ್ಡಿ ತೆಗೆದು ಆಯಿಲ್ ಮಟ್ಟ ನೋಡಿ. ಮೇಲಿನ ಗುರುತಿಗಿಂತ ಹೆಚ್ಚು ಸುರಿದಿದ್ದರೂ ಸೋರುತ್ತದೆ. ದಿನೇ ದಿನೇ ಮಟ್ಟ ಏರುತ್ತಾ ಡೀಸೆಲ್ ವಾಸನೆ ಬಂದರೆ ಡೀಸೆಲ್ ಒಳಗೆ ಇಳಿಯುತ್ತಿದೆಯೆಂದು ತಿಳಿದು, ಇಂಜಿನ್ ಓಡಿಸುವುದನ್ನೇ ನಿಲ್ಲಿಸಬೇಕು. ನಂತರ ಬ್ರೀದರ್ ಕೊಳವೆ ಬಿಚ್ಚಿ, ಡೀಸೆಲ್ಲಿನಲ್ಲಿ ತೊಳೆದು, ಬಾಯಿಂದ ಊದಿದರೆ ಗಾಳಿ ಸರಾಗವಾಗಿ ಹೋಗುವುದೇ ನೋಡಿ.

ಸೋರುವ ಜಾಗ ಹುಡುಕುವುದಕ್ಕೂ ಒಂದು ಕ್ರಮವಿದೆ. ಇಂಜಿನ್ ತಣ್ಣಗಿರುವಾಗ ಮೈಯೆಲ್ಲ ತೊಳೆದು ಒರೆಸಿ, ಒಣಗಿದ ಮೇಲೆ ಅನುಮಾನವಿರುವ ಕಡೆ ಮುಖಕ್ಕೆ ಹಚ್ಚುವ ಪೌಡರನ್ನು ತೆಳ್ಳಗೆ ಉದುರಿಸಿ. ಕಾಲು ಗಂಟೆ ಓಡಿಸಿ ನಿಲ್ಲಿಸಿದರೆ ಆಯಿಲ್ ಹರಿದ ಗೆರೆ ಕಾಣುತ್ತದೆ. ಫ್ಯಾನಿನ ಗಾಳಿಗೆ ಆಯಿಲ್ ಹಿಂದಕ್ಕೂ ಕೆಳಕ್ಕೂ ಹರಡುವುದರಿಂದ, ಎಲ್ಲಕ್ಕಿಂತ ಮೇಲೆ ಮತ್ತು ಮುಂದೆ ಒದ್ದೆಯಾದ ಜಾಗವನ್ನೇ ಹಿಡಿಯಬೇಕು. ಟ್ಯಾಪೆಟ್ ಕವರಿನ ಆಯಿಲ್ ಹಿಂಬದಿಯಲ್ಲಿ ಇಳಿದು ಹಿಂದಿನ ಸೀಲಿನ ತಲೆಗೆ ಅಪವಾದ ತರುವುದುಂಟು.

ಬ್ರೀದರಿನಲ್ಲಿ ಹೊಗೆ ಕಂಡ ಮಾತ್ರಕ್ಕೆ ಹೆದರಬೇಕಾಗಿಲ್ಲ. ಹೊಸ ರಿಂಗುಗಳು ಲೈನರಿಗೆ ಕೂಡಿಕೊಳ್ಳುವವರೆಗೆ ಸ್ವಲ್ಪ ಅನಿಲ ನುಸುಳಿಯೇ ನುಸುಳುತ್ತದೆ. ಗಂಟೆಗಳು ಕಳೆದಂತೆ ಅದು ಕಡಿಮೆಯಾಗುತ್ತಿದೆಯೇ ಎಂಬುದು ಮುಖ್ಯ. ರಿಂಗು ಕೂಡಿಕೊಳ್ಳಬೇಕಾದರೆ ಹಿಂದಿನಿಂದ ಅನಿಲದ ಒತ್ತಡ ಅದನ್ನು ಲೈನರಿಗೆ ಒತ್ತಬೇಕು, ಆ ಒತ್ತಡ ಬರುವುದು ಇಂಜಿನ್ ಭಾರ ಎಳೆದಾಗ ಮಾತ್ರ. 'ಹೊಸ ಇಂಜಿನ್, ಮೆಲ್ಲಗೆ ಓಡಲಿ' ಎಂದು ಗಂಟೆಗಟ್ಟಲೆ ಖಾಲಿ ಓಡಿಸುವ ಪದ್ಧತಿ ಈಗಲೂ ಇದೆ. ಇದು ತಪ್ಪು. ಹಾಗೆ ಮಾಡಿದರೆ ಹೋನಿಂಗ್ ಮಾಡಿದ ಗೀರುಗಳ ಮೇಲೆ ಆಯಿಲ್ ಸುಟ್ಟು ಹತ್ತಿ, ಲೈನರಿನ ಒಳಮೈ ಗಾಜಿನಂತೆ ನುಣುಪಾಗುತ್ತದೆ. ಆಮೇಲೆ ರಿಂಗು ಕೂಡುವುದೇ ಇಲ್ಲ. ಇಂಜಿನ್ ಬಿಸಿಯಾದ ಮೇಲೆ ಉತ್ತ ಹೊಲದಲ್ಲಿ ಕಲ್ಟಿವೇಟರ್ ಎಳೆಸಿ, ಅಥವಾ ಅರ್ಧ ಭಾರದ ಟ್ರೇಲರ್ ಕಟ್ಟಿ. ಮೊದಲ ದಿನಗಳಲ್ಲಿ ಆಳವಾದ ನೇಗಿಲು ಬೇಡ. ಹೊಗೆ ನಿಲ್ಲಿಸುತ್ತದೆಂದು ಮಾರುವ ಮಂದವಾದ 'ಔಷಧ'ವನ್ನು ಆಯಿಲಿಗೆ ಸೇರಿಸುವುದೂ ಬೇಡ.

ಸುಮಾರು 50 ಗಂಟೆ ಹೀಗೆ ಕೆಲಸ ಮಾಡಿಸಿದ ಮೇಲೂ ಬ್ರೀದರ್ 'ಬುಸ್ ಬುಸ್' ಎಂದು ಲಯವಾಗಿ ಉಗುಳುತ್ತಾ, ಆಯಿಲ್ ಹನಿಗಳನ್ನು ಚೆಲ್ಲುತ್ತಾ, ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತಿದ್ದರೆ ಆಗ ದೋಷ ಒಳಗಿದೆ ಎನ್ನಬಹುದು. ಸೈಲೆನ್ಸರಿನಲ್ಲಿ ಮಾತ್ರ ನೀಲಿ ಹೊಗೆಯಿದ್ದು ಬ್ರೀದರ್ ಶಾಂತವಾಗಿದ್ದರೆ ವಾಲ್ವ್ ಗೈಡುಗಳನ್ನು ಮೊದಲು ನೋಡಿಸಿ. ಯಾವ ಸಿಲಿಂಡರಿನದು ತಪ್ಪು ಎಂದು ತಿಳಿಯಲು, ಹಳೆಯ ಮಾದರಿಯ ಪಂಪು ಇರುವ ಇಂಜಿನ್ನುಗಳಲ್ಲಿ ಮೆಕ್ಯಾನಿಕರು ಇಂಜೆಕ್ಟರ್ ಪೈಪಿನ ನಟ್ಟುಗಳನ್ನು ಒಂದೊಂದಾಗಿ ಸಡಿಲಿಸುತ್ತಾರೆ. ಯಾವುದನ್ನು ಸಡಿಲಿಸಿದಾಗ ಬ್ರೀದರಿನ ಉಗುಳು ತಗ್ಗುವುದೋ ಆ ಸಿಲಿಂಡರಿನ ಮೇಲೆಯೇ ಅನುಮಾನ. ಆ ಡೀಸೆಲ್ ಚರ್ಮವನ್ನು ತೂರಿ ಒಳಹೋಗುವಷ್ಟು ರಭಸದ್ದು. ಇದನ್ನು ರೈತರು ತಾವೇ ಮಾಡಬಾರದು. ಕಾಮನ್ ರೈಲ್ ಇಂಜಿನ್ನುಗಳಲ್ಲಂತೂ ಯಾರೂ ಮಾಡಕೂಡದು.

ಬಿಚ್ಚಿಸುವಾಗ ಎದುರಿಗೇ ನಿಂತು ನೋಡಿ. ರಿಂಗು ಮುರಿದಿದೆಯೇ, ಗುರುತಿರುವ ಮುಖ ಕೆಳಗಾಗಿ ಕೂತಿದೆಯೇ, ಬಾಯಿಯ ಸಂದು ಎಷ್ಟಿದೆ ಎಂದು ಕೇಳಿ ತಿಳಿದುಕೊಳ್ಳಿ. 100 ಮಿ.ಮೀ. ಬೋರಿಗೆ ಈ ಸಂದು ಸಾಮಾನ್ಯವಾಗಿ 0.3ರಿಂದ 0.5 ಮಿ.ಮೀ. ಇರುತ್ತದೆ. ನಿಮ್ಮ ಇಂಜಿನ್ನಿನ ಸರಿಯಾದ ಅಳತೆ ಕೈಪಿಡಿಯಲ್ಲಿದೆ. ಲೈನರಿನ ಮೇಲೆ ಉದ್ದುದ್ದ ಗೀರು ಬಿದ್ದು ರಿಂಗು ಆಗಲೇ ಸವೆದಿದ್ದರೆ ತಪ್ಪು ಗ್ಯಾರೇಜಿನದಲ್ಲದೆ ಧೂಳಿನದೂ ಆಗಿರಬಹುದು. ಏರ್ ಕ್ಲೀನರಿನಿಂದ ಇಂಜಿನ್ನಿಗೆ ಹೋಗುವ ರಬ್ಬರ್ ಕೊಳವೆಯನ್ನು ಬಗ್ಗಿಸಿ ನೋಡಿ, ಬಿರುಕು ಸಾಮಾನ್ಯವಾಗಿ ಕ್ಲಿಪ್ಪಿನ ಅಡಿಯಲ್ಲಿರುತ್ತದೆ. ಅದನ್ನು ಬದಲಿಸದೆ ಹೊಸ ರಿಂಗು ಹಾಕಿಸಿದರೆ ಅದೂ ಹಾಗೆಯೇ ಸವೆಯುತ್ತದೆ.