ಇಸಿಲದ ನೆಲದಲ್ಲಿ ‘ಥ್ರೋ ಮಾಡು’

ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರದ ಬಳಿ, ಬ್ರಹ್ಮಗಿರಿಯ ಅಶೋಕನ ಶಾಸನವನ್ನು ಬಿ.ಎಲ್. ರೈಸ್ ಬೆಳಕಿಗೆ ತಂದದ್ದು 1892ರಲ್ಲಿ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಬರೆದವನು ಚಪಡ. ಕೊನೆಯಲ್ಲಿ ‘ಲಿಪಿಕಾರ’ ಎಂಬ ತನ್ನ ಕಸುಬಿನ ಮಾತೊಂದನ್ನು ಮಾತ್ರ ಆತ ವಾಯವ್ಯ ಗಡಿಯ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದ. ಅದಕ್ಕಿಂತ ದೊಡ್ಡ ಸೋಜಿಗ ಶಾಸನದ ಆರಂಭದಲ್ಲೇ ಇದೆ. ಸುವರ್ಣಗಿರಿಯ ಆರ್ಯಪುತ್ರನೂ (ರಾಜಕುಮಾರ) ಮಹಾಮಾತ್ರರೂ (ಹಿರಿಯ ಅಧಿಕಾರಿಗಳು) ‘ಇಸಿಲ’ ಎಂಬ ಊರಿನ ಮಹಾಮಾತ್ರರ ಆರೋಗ್ಯ ವಿಚಾರಿಸಿ, ಆಮೇಲೆ ಸಾಮ್ರಾಟನ ಅಪ್ಪಣೆ ತಿಳಿಸುತ್ತಾರೆ.

ಈ ಇಸಿಲ ಕನ್ನಡದ್ದೇ ಎಂದವರು ಡಿ.ಎಲ್. ನರಸಿಂಹಾಚಾರ್. ಬಾಣ ಬಿಡು, ಎಸೆ ಎಂಬರ್ಥದ ‘ಇಸು’ ಅದರ ಮೂಲವೆಂಬ ವಾದ. ಎಲ್ಲ ವಿದ್ವಾಂಸರೂ ಒಪ್ಪಿಲ್ಲ, ನಾನು ಒಪ್ಪಿದ್ದೇನೆ. ಹಾಗಾದರೆ ಸುಮಾರು 450ರ ಹಲ್ಮಿಡಿ ಶಾಸನಕ್ಕಿಂತ ಏಳು ಶತಮಾನ ಮೊದಲೇ ನಮ್ಮದೊಂದು ಕ್ರಿಯಾಪದ ಕಲ್ಲಿಗೆ ಬಿದ್ದಿದೆ.

ಮುಂದೆ ಅದು ‘ಎಸು’ ಆಗಿ ಕಾವ್ಯಗಳ ಯುದ್ಧಭೂಮಿಯಲ್ಲಿ ಮೆರೆಯಿತು. ಕುಮಾರವ್ಯಾಸನ ವೀರರು ಬಾಣ ‘ಎಚ್ಚರು’. ಬಿಲ್ಲು ಹೋದ ಮೇಲೆ ಎಸು ಮರೆಗೆ ಸರಿದು, ಎಸೆ ಉಳಿಯಿತು.

ನಮ್ಮ ಸೀಮೆಯಲ್ಲಿ ಎಸೆಯುವುದು ಒಂದೇ ಬಗೆಯದಲ್ಲ. ಕಣದಲ್ಲಿ ಗಾಳಿ ನೋಡಿ ರಾಶಿ ತೂರುತ್ತಾರೆ, ಹೊಟ್ಟು ಒಂದು ಕಡೆ, ಕಾಳು ಒಂದು ಕಡೆ. ಜೋಳದ ಹೊಲದ ಅಟ್ಟಣೆ ಮೇಲೆ ನಿಂತು ಹಕ್ಕಿಗೆ ಕವಣೆ ಬೀಸುತ್ತಾರೆ. ಅಂಗಳಕ್ಕೆ ನೀರು ಚಿಮುಕಿಸುತ್ತಾರೆ, ಕೆಸರು ಎರಚುತ್ತಾರೆ, ಕಸ ಬಿಸಾಕುತ್ತಾರೆ. ಕೈ ಹೇಗೆ ಆಡುತ್ತದೋ ಮಾತೂ ಹಾಗೆ.

ಈಗ ಚಳ್ಳಕೆರೆಯ ಯಾವ ಮೈದಾನಕ್ಕೆ ಹೋದರೂ ‘ಥ್ರೋ ಮಾಡೋ, ಥ್ರೋ ಮಾಡೋ!’ ಕ್ರಿಕೆಟ್ಟಿನಿಂದಲೂ ಶಾಲೆಯ ಥ್ರೋಬಾಲಿನಿಂದಲೂ ಬಂದ ಮಾತು, ಬೇಲಿ ದಾಟಿ ಮನೆಯೊಳಗೂ ಬಂದಿದೆ. ‘ಅದನ್ನ ಥ್ರೋ ಮಾಡು’ ಎಂದರೆ ಬಿಸಾಡಬೇಕೋ ಇತ್ತ ಎಸೆಯಬೇಕೋ ತಿಳಿಯುವುದಿಲ್ಲ. ಇಂಗ್ಲಿಷ್ ಬರಲಿ, ಬೇಡವೆನ್ನುವುದಿಲ್ಲ. ಆದರೆ ಆರೇಳು ಕ್ರಿಯಾಪದಗಳ ಜಾಗವನ್ನು ಒಂದೇ ‘ಥ್ರೋ’ ಆಕ್ರಮಿಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ಪತ್ರಿಕೆಗಳ ಕ್ರೀಡಾಪುಟ ಮಾತ್ರ ಇನ್ನೂ ಎಸೆತವನ್ನು ಕೈಬಿಟ್ಟಿಲ್ಲ. ಚಕ್ರ ಎಸೆತ, ಗುಂಡು ಎಸೆತ, ಬೌಲರ್‌ನ ಒಂದೊಂದು ಚೆಂಡೂ ಅಲ್ಲಿ ಎಸೆತವೇ. ಮೊಳಕಾಲ್ಮೂರು, ಚಳ್ಳಕೆರೆ ಎರಡೂ ತಾಲ್ಲೂಕುಗಳ ದೈಹಿಕ ಶಿಕ್ಷಕರಲ್ಲಿ ನನ್ನದೊಂದು ಬೇಡಿಕೆ: ಅಭ್ಯಾಸದ ಹೊತ್ತಿನಲ್ಲಿ ‘ಎಸಿಯೋ’ ಎಂದೇ ಕೂಗಿ. ಮಕ್ಕಳು ಅದನ್ನೇ ಕಲಿಯುತ್ತಾರೆ.